ಇನ್‌ಬಾಕ್ಸ್‌ನಲ್ಲಿ 14 ಸಾವಿರ ಮೇಲ್: ಅಳಿಸಬೇಕಾ, ಹಾಗೇ ಬಿಡಬೇಕಾ?

ಪ್ರಶ್ನೆ: ಸರ್, ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವಳು ನಾನು. ಆಫೀಸಿಗೆ ಇರುವುದು ಒಂದೇ ಜಿಮೇಲ್ ಐಡಿ. ಸಾವ್ಕಾರ್ರು, ನಾನು, ಬಿಲ್ ಮಾಡುವ ಹುಡುಗ, ಮೂವರೂ ಅದನ್ನೇ ನೋಡುತ್ತೇವೆ. ಪಾಸ್‌ವರ್ಡ್ ಮೂವರಿಗೂ ಗೊತ್ತು. ಓದದ ಮೇಲ್ 14 ಸಾವಿರ ದಾಟಿದೆ. ಹೋದ ತಿಂಗಳು ಜಿಎಸ್‌ಟಿ ನೋಟಿಸ್ ಬಂದಿದ್ದು ಯಾರಿಗೂ ಗೊತ್ತಾಗಲಿಲ್ಲ, ಆಡಿಟರ್ ಫೋನ್ ಮಾಡಿದ ಮೇಲೇ ತಿಳಿದಿದ್ದು. ಈಗ ಸ್ಟೋರೇಜ್ ಫುಲ್ ಅಂತಲೂ ಬರುತ್ತಿದೆ. ನಾನು ಎಲ್ಲಾ ಅಳಿಸಿಬಿಡೋಣ ಅಂದರೆ ಸಾವ್ಕಾರ್ರು 'ಒಂದೂ ಮುಟ್ಟಬೇಡಮ್ಮಾ' ಅನ್ನುತ್ತಾರೆ. ಮಳೆಗಾಲದಲ್ಲಿ ಎರಡೆರಡು ದಿನ ನೆಟ್ ಇರಲ್ಲ, ಬಂದ ಮೇಲೆ ಒಟ್ಟಿಗೇ ಬಂದು ಬೀಳುತ್ತವೆ. ರಾತ್ರಿ ಮನೆಯಲ್ಲೂ ಅದನ್ನೇ ನೋಡುತ್ತಾ ಕೂರುತ್ತೇನೆ. ಫೋಲ್ಡರ್ ಮಾಡಿ ಎಲ್ಲಾ ಜೋಡಿಸಿದರೆ ಸರಿಹೋಗುತ್ತಾ? ನನ್ನ ಕೆಲಸದ ಮೇಲೇ ನನಗೆ ಅನುಮಾನ ಬಂದುಬಿಟ್ಟಿದೆ.

ಉತ್ತರ: ಮೊದಲು ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. ನೋಟಿಸ್ ಕಣ್ತಪ್ಪಿತು ಅಂದ ಮಾತ್ರಕ್ಕೆ ನಿಮಗೆ ಕೆಲಸ ಬರಲ್ಲ ಅಂತಲ್ಲ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಸಣ್ಣ ಆಫೀಸುಗಳ ಕಂಪ್ಯೂಟರ್, ಮೇಲ್ ನೋಡಿಕೊಳ್ಳುವುದು ನನ್ನ ವೃತ್ತಿ. ಒಂದೇ ಐಡಿ, ಒಂದೇ ಪಾಸ್‌ವರ್ಡ್, ಮೂರ್ನಾಲ್ಕು ಜನ ಇರುವ ಕಡೆಯೆಲ್ಲ ಒಂದಲ್ಲ ಒಂದು ದಿನ ಮುಖ್ಯವಾದ ಮೇಲ್ ತಪ್ಪಿಯೇ ತಪ್ಪುತ್ತದೆ. ಎಷ್ಟೇ ಹುಷಾರಿನವರು ಕೂತಿದ್ದರೂ ಅಷ್ಟೇ.

ಅದು ಹೇಗೆ ತಪ್ಪುತ್ತದೆ ನೋಡಿ. ಬೆಳಿಗ್ಗೆ ಮಾಲು ಬರುವ ಹೊತ್ತು. ಬಿಲ್ ಮಾಡುವ ಹುಡುಗ ಯಾವುದೋ ಲಾರಿ ನಂಬರ್ ಹುಡುಕಲು ಮೊಬೈಲ್‌ನಲ್ಲಿ ಮೇಲ್ ತೆಗೆಯುತ್ತಾನೆ. ಜಿಎಸ್‌ಟಿ ಮೇಲ್ ಕಾಣುತ್ತದೆ, ತೆರೆಯುತ್ತಾನೆ. ಇಂಗ್ಲಿಷಿನಲ್ಲಿ ಉದ್ದಕ್ಕಿದೆ. 'ಅಕ್ಕ ನೋಡ್ತಾರೆ' ಅಂದುಕೊಂಡು ವಾಪಸ್ ಬರುತ್ತಾನೆ. ಅಷ್ಟರಲ್ಲಿ, ಓದಿಲ್ಲ ಅಂತ ತೋರಿಸಲು ದಪ್ಪಗಿದ್ದ ಅಕ್ಷರ ತೆಳುವಾಗಿರುತ್ತದೆ. ಮಧ್ಯಾಹ್ನ ನೀವು ಕೂತಾಗ ದಪ್ಪ ಅಕ್ಷರದ್ದನ್ನು ಮಾತ್ರ ನೋಡುತ್ತೀರಿ. ತೆಳುವಾಗಿರುವುದನ್ನು ಸಾವ್ಕಾರ್ರು ನೋಡಿರಬೇಕು ಅಂತ ಬಿಡುತ್ತೀರಿ. ಸಂಜೆ ಸಾವ್ಕಾರ್ರು ನೋಡುವ ಹೊತ್ತಿಗೆ ಅದು ಎರಡನೇ ಪುಟಕ್ಕೆ ಜಾರಿರುತ್ತದೆ. ಮೂವರೂ ತಮ್ಮ ತಮ್ಮ ಕೆಲಸ ಮಾಡಿದ್ದಾರೆ. ಆ ಮೇಲ್ ಮಾತ್ರ ಯಾರದ್ದೂ ಆಗಲಿಲ್ಲ.

ಹಾಗಾಗಿ ಓದದೆ ಉಳಿದ 14 ಸಾವಿರಕ್ಕಿಂತ, ಯಾರೋ ತೆರೆದು ಸುಮ್ಮನಾದ ಮೇಲ್‌ಗಳ ಬಗ್ಗೆ ನನಗೆ ಜಾಸ್ತಿ ಚಿಂತೆ. ಓದದ್ದರಲ್ಲಿ ಬಹುಪಾಲು ಜಾಹೀರಾತು, ಓಟಿಪಿ, ಬ್ಯಾಂಕಿನ ಸಾಲದ ಆಫರ್‌ಗಳೇ ಇರುತ್ತವೆ. ಅಪಾಯ ಇರುವುದು ತೆಳು ಅಕ್ಷರದಲ್ಲಿ.

ಇನ್‌ಬಾಕ್ಸ್ ಮುಟ್ಟುವ ಮೊದಲು ನೋಟಿಸಿನ ವಿಷಯ ಮುಗಿಸಿ. ಜಿಎಸ್‌ಟಿ ಕಾಯ್ದೆಯ 169ನೇ ಸೆಕ್ಷನ್ ಪ್ರಕಾರ ನೋಂದಾಯಿಸಿದ ಇಮೇಲ್‌ಗೆ ಕಳಿಸುವುದೂ, ಜಿಎಸ್‌ಟಿ ವೆಬ್‌ಸೈಟ್ ಅಂದರೆ ಪೋರ್ಟಲ್‌ನಲ್ಲಿ ಹಾಕುವುದೂ ನೋಟಿಸ್ ತಲುಪಿಸುವ ದಾರಿಗಳೇ. 'ಮೇಲ್ ನೋಡಿರಲಿಲ್ಲ' ಅನ್ನುವುದನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಪೋರ್ಟಲ್‌ಗೆ ಲಾಗಿನ್ ಆಗಿ ಸರ್ವೀಸಸ್, ಅದರೊಳಗೆ ಯೂಸರ್ ಸರ್ವೀಸಸ್, ಅಲ್ಲಿ ನೋಟಿಸ್ ಮತ್ತು ಆರ್ಡರ್‌ಗಳ ಪಟ್ಟಿ ತೆಗೆಯಿರಿ. ರಿಟರ್ನ್‌ನಲ್ಲಿ ವ್ಯತ್ಯಾಸ ಇದೆ ಅಂತ ಕೇಳುವ ನೋಟಿಸ್‌ಗೆ ಸಾಮಾನ್ಯವಾಗಿ 30 ದಿನದ ಅವಧಿ ಇರುತ್ತದೆ. ಗಡುವು ಮುಗಿದಿದ್ದರೂ ಇವತ್ತೇ ಆಡಿಟರ್ ಹತ್ತಿರ ಕೂತು ಉತ್ತರವನ್ನೋ, ಹೆಚ್ಚಿನ ಸಮಯದ ಕೋರಿಕೆಯನ್ನೋ ಹಾಕಿಸಿ. ಇನ್ನು ಮುಂದೆ ಪ್ರತಿ ತಿಂಗಳು ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ಹಾಕುವ ದಿನ ಆ ಪಟ್ಟಿಯನ್ನೂ ಒಮ್ಮೆ ತೆಗೆದು ನೋಡಿ. ಪೋರ್ಟಲ್‌ನಲ್ಲಿ ಹೇಗೂ ಕೂತಿರುತ್ತೀರಲ್ಲ. ಆಗ ಮೇಲ್ ತಪ್ಪಿದರೂ ನೋಟಿಸ್ ತಪ್ಪಲ್ಲ.

ಈಗ ಇನ್‌ಬಾಕ್ಸ್ ಯಾಕೆ ತುಂಬಿ ಚೆಲ್ಲುತ್ತದೆ ಅನ್ನುವ ವಿಷಯ. ಮೇಲ್ ಜಾಸ್ತಿ ಬರುವುದು ಒಂದು ಕಾರಣ ಅಷ್ಟೇ, ಮುಖ್ಯ ಕಾರಣ ಅಲ್ಲ. 1996ರಲ್ಲೇ ಸ್ಟೀವ್ ವಿಟ್ಟೇಕರ್, ಕ್ಯಾಂಡೇಸ್ ಸಿಡ್ನರ್ ಅನ್ನುವ ಇಬ್ಬರು ಸಂಶೋಧಕರು ಇದನ್ನು ಗುರುತಿಸಿದ್ದರು. ಇಮೇಲ್ ಹುಟ್ಟಿದ್ದು ಸಂದೇಶ ಕಳಿಸಲು. ಜನ ಅದನ್ನು ಮಾಡಬೇಕಾದ ಕೆಲಸಗಳ ಪಟ್ಟಿಯಾಗಿಯೂ, ಹಳೇ ಕಾಗದ ಕಾಪಾಡುವ ಜಾಗವಾಗಿಯೂ ಬಳಸುತ್ತಾರೆ. ಮೂರು ಕೆಲಸ ಒಂದೇ ಪಟ್ಟಿಯ ಮೇಲೆ ಬಿದ್ದಾಗ ಅದು ಕುಸಿಯುತ್ತದೆ. ನಿಮ್ಮ ಮಂಡಿಯನ್ನೇ ನೋಡಿ. ಮೂಟೆ ಇಳಿಸುವ ಜಾಗ ಬೇರೆ, ಗ್ರೇಡ್ ಮಾಡುವ ಜಾಗ ಬೇರೆ, ಗೋದಾಮು ಬೇರೆ. ಬಂದ ಮಾಲನ್ನೆಲ್ಲ ಇಳಿಸಿದ ಜಾಗದಲ್ಲೇ ವರ್ಷಗಟ್ಟಲೆ ಬಿಟ್ಟರೆ ರಾಶಿ ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಅಂತ ಯಾರಿಗೆ ಗೊತ್ತಾಗುತ್ತದೆ? ನಿಮ್ಮ ಇನ್‌ಬಾಕ್ಸ್‌ನಲ್ಲಿ ಆಗಿರುವುದು ಅದೇ.

ಅಂದರೆ ಮೇಲ್ ಕಡಿಮೆ ಮಾಡುವುದು ಆಮೇಲಿನ ಮಾತು. ಬಂದ ಪ್ರತಿ ಮೇಲ್ ಯಾರದ್ದು, ಮುಗಿದ ಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದು ಮೊದಲು ತೀರ್ಮಾನ ಆಗಬೇಕು.

ಸ್ಟೋರೇಜ್ ಫುಲ್ ಅನ್ನುವುದಕ್ಕೂ ಈ 14 ಸಾವಿರಕ್ಕೂ ನೀವು ಅಂದುಕೊಂಡಷ್ಟು ಸಂಬಂಧ ಇಲ್ಲದಿರಬಹುದು. ಉಚಿತ ಜಿಮೇಲ್‌ಗೆ ಸಿಗುವ 15 ಜಿಬಿ ಜಾಗ ಮೇಲ್‌ಗೆ ಮಾತ್ರ ಅಲ್ಲ. ಗೂಗಲ್ ಡ್ರೈವ್, ಗೂಗಲ್ ಫೋಟೋಸ್ ಎಲ್ಲಾ ಅದರಲ್ಲೇ. 2021ರ ಜೂನ್ 1ರ ನಂತರ ಬ್ಯಾಕಪ್ ಆಗುವ ಫೋಟೋಗಳು ಈ ಲೆಕ್ಕಕ್ಕೆ ಸೇರುತ್ತವೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಇದರಲ್ಲೇ ಬರುತ್ತದೆ. ಸಾವ್ಕಾರ್ರ ಮೊಬೈಲ್‌ಗೆ ಇದೇ ಐಡಿ ಹಾಕಿದ್ದಾರಾ ನೋಡಿ. ಹಾಕಿದ್ದರೆ ಅವರ ಮನೆಯ ಮದುವೆ ಫೋಟೋ, ಗುಂಪುಗಳ ವೀಡಿಯೋ ಎಲ್ಲಾ ಆಫೀಸಿನ ಮೇಲ್ ಜಾಗವನ್ನು ತಿನ್ನುತ್ತಿರುತ್ತವೆ. ಬರೀ ಬರಹದ ಮೇಲ್ ಬಹಳ ಚಿಕ್ಕದು. ಅಂಥದ್ದನ್ನು ಸಾವಿರಗಟ್ಟಲೆ ಅಳಿಸಿದರೂ ಸಿಗುವ ಜಾಗ ಕಡಿಮೆ. ಗೂಗಲ್ ಖಾತೆಯ ಸ್ಟೋರೇಜ್ ಪುಟದಲ್ಲಿ ಯಾವುದು ಎಷ್ಟು ತಿಂದಿದೆ ಅಂತ ಬೇರೆ ಬೇರೆಯಾಗಿ ತೋರಿಸುತ್ತದೆ. ಮೊದಲು ಅದನ್ನು ನೋಡಿ. ಫೋಟೋ ಕಾರಣ ಆಗಿದ್ದರೆ ಸಾವ್ಕಾರ್ರ ಫೋನಿನ ಬ್ಯಾಕಪ್ಪನ್ನು ಅವರ ಸ್ವಂತ ಐಡಿಗೆ ಬದಲಿಸಿ. ಹಳೇ ಫೋಟೋಗಳನ್ನು ಹಾರ್ಡ್ ಡಿಸ್ಕ್‌ಗೆ ಇಳಿಸಿ, ತೆರೆದು ನೋಡಿ ಖಾತ್ರಿ ಆದ ಮೇಲಷ್ಟೇ ಅಲ್ಲಿಂದ ತೆಗೆಯಿರಿ.

ಮೇಲ್‌ಗಳೇ ಕಾರಣ ಆಗಿದ್ದರೆ, ಹುಡುಕುವ ಜಾಗದ ಬಲತುದಿಯ ಗುರುತು ಒತ್ತಿ, ಸೈಜ್ 10 ಎಂಬಿಗಿಂತ ಜಾಸ್ತಿ ಅಂತ ಕೊಡಿ. ದೊಡ್ಡ ಫೈಲ್ ಇರುವ ಮೇಲ್‌ಗಳೆಲ್ಲ ಒಟ್ಟಿಗೆ ಬರುತ್ತವೆ. ಬೇಡದ್ದನ್ನು ಅಳಿಸಿ, ಆಮೇಲೆ ಟ್ರ್ಯಾಶ್ ಖಾಲಿ ಮಾಡಿ. ಅಳಿಸಿದ ಮೇಲ್ 30 ದಿನ ಟ್ರ್ಯಾಶ್‌ನಲ್ಲೇ ಕೂತಿರುತ್ತದೆ, ಅಲ್ಲಿಯವರೆಗೂ ಜಾಗ ಬಿಡಲ್ಲ. ಇದನ್ನು ಈ ವಾರವೇ ಮಾಡಿ, ತಡ ಮಾಡಬೇಡಿ. ಜಾಗ ಪೂರ್ತಿ ಮುಗಿದರೆ ಹೊಸ ಮೇಲ್ ಬರುವುದೇ ನಿಂತುಹೋಗಿ ಕಳಿಸಿದವರಿಗೇ ವಾಪಸ್ ಹೋಗುತ್ತದೆ. ಮಾಲು ಕೊಳ್ಳುವ ಪಾರ್ಟಿ ಆರ್ಡರ್ ಕಳಿಸಿದ್ದು ನಿಮಗೆ ಗೊತ್ತೂ ಆಗುವುದಿಲ್ಲ.

ಇನ್ನು ಸಾವ್ಕಾರ್ರ 'ಮುಟ್ಟಬೇಡ' ಅನ್ನುವ ಮಾತು. ಅವರು ಹೇಳುವುದರಲ್ಲಿ ಅರ್ಧ ಸರಿ ಇದೆ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಟ್ಟುಕೊಂಡಿರಬೇಕು. 2023-24ರ ವಾರ್ಷಿಕ ರಿಟರ್ನ್ ಗಡುವು 2024ರ ಡಿಸೆಂಬರ್ 31 ಇತ್ತು. ಅಂದರೆ ಆ ವರ್ಷದ ಬಿಲ್, ಲೆಕ್ಕ 2030ರ ಡಿಸೆಂಬರ್ ಕೊನೆಯವರೆಗೆ ಇರಬೇಕು. ಅಪೀಲು, ತನಿಖೆ ನಡೆಯುತ್ತಿದ್ದರೆ ಇನ್ನೂ ಜಾಸ್ತಿ. ದರ ಒಪ್ಪಿಕೊಂಡ ಮೇಲ್, ಮಾಲು ತಲುಪಿದೆ ಅಂದ ಮೇಲ್, ಬಾಕಿ ಒಪ್ಪಿಕೊಂಡ ಮೇಲ್, ಇವೆಲ್ಲ ನಾಳೆ ಯಾರಾದರೂ ದುಡ್ಡು ಕೊಡದಿದ್ದರೆ ಸಾಕ್ಷಿ. ಪ್ರಿಂಟ್ ತೆಗೆದಿಟ್ಟಿದ್ದೇವಲ್ಲ ಅಂತ ಮೂಲ ಮೇಲ್ ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಪ್ರಿಂಟ್ ಜೊತೆ ಪ್ರಮಾಣಪತ್ರ ಬೇಕು. ಮೂಲ ಮೇಲ್ ಕೈಯಲ್ಲಿದ್ದರೆ ನಿಮ್ಮ ಮಾತಿಗೆ ಬಲ.

ಸಾವ್ಕಾರ್ರು ತಪ್ಪಿರುವುದು ಇನ್ನರ್ಧದಲ್ಲಿ. ಅಳಿಸಬಾರದು ಅಂದ ಮಾತ್ರಕ್ಕೆ ಇನ್‌ಬಾಕ್ಸ್‌ನಲ್ಲೇ ಇರಬೇಕಾಗಿಲ್ಲ. ಇಲ್ಲೇ ನಿಮ್ಮಿಬ್ಬರ ಜಗಳ ಬಗೆಹರಿಯುವುದು. ಜಿಮೇಲ್‌ನಲ್ಲಿ ಆರ್ಕೈವ್ ಅಂತ ಒಂದು ಬಟನ್ ಇದೆ. ಒತ್ತಿದರೆ ಮೇಲ್ ಇನ್‌ಬಾಕ್ಸ್‌ನಿಂದ ಹೋಗುತ್ತದೆ, ಅಳಿಸಿಹೋಗುವುದಿಲ್ಲ. ಆಲ್ ಮೇಲ್ ಅನ್ನುವಲ್ಲಿ ಹಾಗೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಆ ಮೇಲ್‌ಗೆ ಪಾರ್ಟಿ ಮತ್ತೆ ಉತ್ತರ ಬರೆದರೆ ತಾನಾಗೇ ಇನ್‌ಬಾಕ್ಸ್‌ಗೆ ವಾಪಸ್ ಬರುತ್ತದೆ. ಜನ ಈ ಬಟನ್‌ಗೆ ಯಾಕೆ ಹೆದರುತ್ತಾರೋ ನನಗೆ ಅರ್ಥ ಆಗಲ್ಲ. ಇಡೀ ಜಿಮೇಲ್‌ನಲ್ಲಿ ಇದರಷ್ಟು ಉಪಯೋಗದ್ದು ಇನ್ನೊಂದಿಲ್ಲ.

ಹಾಗಂತ ಕಣ್ಣು ಮುಚ್ಚಿ ಎಲ್ಲವನ್ನೂ ಆರ್ಕೈವ್ ಮಾಡಬೇಡಿ. ಮೊದಲು ಮೂರು ಥರದ್ದನ್ನು ಹೆಕ್ಕಿಕೊಳ್ಳಿ. ಒಂದು, ಸರ್ಕಾರದ್ದು: ಕಳಿಸಿದವರ ವಿಳಾಸದಲ್ಲಿ ಜಿಒವಿ ಡಾಟ್ ಇನ್ ಅಂತ ಕೊಟ್ಟು ಹುಡುಕಿ. ಎರಡು, ನಿಮ್ಮ ಬ್ಯಾಂಕಿನದ್ದು. ಮೂರು, ಬಾಕಿ ಇರುವ ಪಾರ್ಟಿಗಳದ್ದು. ಇವುಗಳಲ್ಲಿ ಹೋದ ಒಂದು ವರ್ಷದ್ದನ್ನು ತೆಳು ಅಕ್ಷರದವೂ ಸೇರಿ ಒಂದೊಂದಾಗಿ ನೋಡಿ, ಕೆಲಸ ಬಾಕಿ ಇರುವುದಕ್ಕೆ ಸ್ಟಾರ್ ಹಾಕಿ. ಸ್ಪ್ಯಾಮ್ ಕೂಡ ತೆರೆದು ನೋಡಿ, ಅಲ್ಲಿರುವುದು 30 ದಿನಕ್ಕೆ ತಾನೇ ಅಳಿಸಿಹೋಗುತ್ತದೆ. ಇದಕ್ಕೆ ಒಂದು ಇಡೀ ದಿನ ಹೋದರೂ ಬೇಜಾರಿಲ್ಲ. ಮಾಡುವ ಕೆಲಸದಲ್ಲಿ ಬೆಲೆ ಬಾಳುವುದು ಇದೇ.

ಆಮೇಲೆ ಕಂಪ್ಯೂಟರ್‌ನಲ್ಲಿ ಇನ್‌ಬಾಕ್ಸ್ ತೆಗೆದು, ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಇನ್, ಕೋಲನ್, ಇನ್‌ಬಾಕ್ಸ್ ಅಂತ ಹಾಕಿ. ಒಂದು ಜಾಗ ಬಿಟ್ಟು ಬಿಫೋರ್, ಮತ್ತೆ ಕೋಲನ್, ಮೂರು ತಿಂಗಳ ಹಿಂದಿನ ತಾರೀಖು. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ, ಮಧ್ಯೆ ಓರೆ ಗೆರೆ. ಮೇಲಿನ ಚೌಕ ಒತ್ತಿದರೆ ಆ ಪುಟದವು ಮಾತ್ರ ಆಯ್ಕೆ ಆಗುತ್ತವೆ. ಹುಡುಕಿ ಸಿಕ್ಕ ಎಲ್ಲವನ್ನೂ ಆಯ್ಕೆ ಮಾಡು ಅನ್ನುವ ಸಾಲು ಪಕ್ಕದಲ್ಲೇ ಬರುತ್ತದೆ. ಅದನ್ನು ಒತ್ತಿ, ಆರ್ಕೈವ್ ಮಾಡಿ. ಪಕ್ಕದಲ್ಲೇ ಡಿಲೀಟ್ ಗುರುತೂ ಇದೆ, ಎರಡು ಸಲ ನೋಡಿ ಒತ್ತಿ. ಇನ್‌ಬಾಕ್ಸ್‌ನಲ್ಲಿ ಉಳಿಯುವುದು ಮೂರು ತಿಂಗಳದ್ದು. ಅಷ್ಟನ್ನು ಮನುಷ್ಯರು ನೋಡಿ ಮುಗಿಸಬಹುದು.

ಫೋಲ್ಡರ್ ವಿಷಯಕ್ಕೆ ಬರೋಣ. ಪಾರ್ಟಿಗೊಂದು ಫೋಲ್ಡರ್ ಮಾಡುವ ಆಸೆ ಲೆಕ್ಕ ಬರೆಯುವವರಿಗೆ ಸಹಜ, ಫೈಲ್ ಕಟ್ಟಿ ಅಭ್ಯಾಸ. ಆದರೆ ನಾನು ಬೇಡ ಅನ್ನುತ್ತೇನೆ. 2011ರಲ್ಲಿ ಐಬಿಎಂ ಸಂಶೋಧಕರು 345 ಜನರ ಮೇಲ್ ಬಳಕೆ ಪರೀಕ್ಷಿಸಿದ್ದರು. ಹಳೇ ಮೇಲ್ ಒಂದನ್ನು ಹುಡುಕುವ ಸೌಲಭ್ಯದಿಂದ ತೆಗೆಯಲು ಸರಾಸರಿ 17 ಸೆಕೆಂಡ್ ಹಿಡಿದರೆ, ಫೋಲ್ಡರ್ ಒಳಗೆ ಹೋಗಿ ತೆಗೆಯಲು 58 ಸೆಕೆಂಡ್ ಹಿಡಿಯಿತು. ಫೋಲ್ಡರ್ ಮಾಡಿದವರಿಗೆ ಮೇಲ್ ಸಿಗುವ ಸಾಧ್ಯತೆಯೂ ಜಾಸ್ತಿ ಇರಲಿಲ್ಲ. ಜೋಡಿಸಲು ಹೋದ ಸಮಯ ಬೇರೆ.

ನಮ್ಮ ಕಡೆ ಹುಡುಕುವುದರಲ್ಲಿ ಒಂದು ತೊಂದರೆ ಇದೆ, ಅದನ್ನು ಮುಚ್ಚಿಡಲ್ಲ. ಊರಿನ ಹೆಸರು, ಜನರ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. 2014ರ ನವೆಂಬರ್ 1ಕ್ಕೆ ಅಧಿಕೃತವಾಗಿ ಶಿವಮೊಗ್ಗ ಅಂತ ಹೆಸರು ಬದಲಾದರೂ ಶಿಮೊಗ ಅಂತಲೇ ಬರೆಯುವ ಹೊರ ರಾಜ್ಯದ ಪಾರ್ಟಿಗಳು ಇವತ್ತಿಗೂ ಇದ್ದಾರೆ. ಸಾಗರ್, ಸಾಗರ ಎರಡೂ ನಡೆಯುತ್ತದೆ. ತೀರ್ಥಹಳ್ಳಿಯನ್ನಂತೂ ಕೇಳಲೇಬೇಡಿ. ನೀವು ಒಂದು ಥರ ಟೈಪ್ ಮಾಡಿ ಹುಡುಕಿದರೆ ಇನ್ನೊಂದು ಥರದ್ದು ಬರುವುದಿಲ್ಲ, ಮೇಲೇ ಬಂದಿಲ್ಲ ಅಂದುಕೊಳ್ಳುತ್ತೀರಿ. ಅದಕ್ಕೆ ಹೆಸರಿನಿಂದ ಹುಡುಕಬೇಡಿ, ನಂಬರಿನಿಂದ ಹುಡುಕಿ. ಬಿಲ್ ನಂಬರ್, ಪಾರ್ಟಿಯ ಜಿಎಸ್‌ಟಿ ನಂಬರ್, ಲಾರಿ ನಂಬರ್, ಇಲ್ಲವೇ ಕಳಿಸಿದವರ ಮೇಲ್ ವಿಳಾಸ. ನೀವು ಕಳಿಸುವ ಪ್ರತಿ ಮೇಲ್‌ನ ವಿಷಯದ ಸಾಲಿನಲ್ಲಿ ಬಿಲ್ ನಂಬರ್ ಹಾಕುವ ಅಭ್ಯಾಸ ಮಾಡಿಕೊಳ್ಳಿ. ಉತ್ತರ ಬರೆಯುವವರೂ ಅದೇ ಸಾಲಿನಲ್ಲಿ ಬರೆಯುತ್ತಾರೆ, ವರ್ಷ ಬಿಟ್ಟು ಹುಡುಕಿದರೂ ಸಿಗುತ್ತದೆ.

ಈಗ ನಿಜವಾದ ರೋಗಕ್ಕೆ ಮದ್ದು: ಮೂವರ ಒಂದೇ ಪಾಸ್‌ವರ್ಡ್.

ಖರ್ಚಿಲ್ಲದ ದಾರಿ ಒಂದಿದೆ. ಜಿಮೇಲ್ ಸೆಟ್ಟಿಂಗ್ಸ್‌ನ ಅಕೌಂಟ್ಸ್ ಪುಟದಲ್ಲಿ ಬೇರೆಯವರಿಗೆ ನಿಮ್ಮ ಖಾತೆ ನೋಡುವ ಅನುಮತಿ ಕೊಡಬಹುದು. ನಿಮಗೂ ಹುಡುಗನಿಗೂ ಸ್ವಂತ ಜಿಮೇಲ್ ಇದ್ದರೆ ಸಾಕು. ಆಫೀಸಿನ ಮೇಲ್ ಓದಬಹುದು, ಉತ್ತರ ಕಳಿಸಬಹುದು, ಪಾಸ್‌ವರ್ಡ್ ಮಾತ್ರ ಸಾವ್ಕಾರ್ರ ಹತ್ತಿರವೇ ಇರುತ್ತದೆ. ಅಲ್ಲೇ ಇನ್ನೊಂದು ಆಯ್ಕೆ ಇದೆ, ನಿಮ್ಮ ಆಫೀಸಿಗೆ ಹೇಳಿ ಮಾಡಿಸಿದ ಹಾಗಿದೆ: ಬೇರೆಯವರು ತೆರೆದರೂ ಮೇಲ್ ಓದದ ಹಾಗೇ ಉಳಿಯಲಿ ಅಂತ ಕೊಡಬಹುದು. ಆಗ ಹುಡುಗ ತೆರೆದು ನೋಡಿದರೂ ದಪ್ಪ ಅಕ್ಷರ ದಪ್ಪವಾಗೇ ಇರುತ್ತದೆ. ಇದರ ಅಪಾಯ ಏನೆಂದರೆ ಅನುಮತಿ ಪಡೆದವರು ಮೇಲ್ ಅಳಿಸಲೂ ಬಹುದು. ನಂಬಿಕೆ ಇರುವವರಿಗೆ ಮಾತ್ರ ಕೊಡಬೇಕು. ಕೆಲಸ ಬಿಟ್ಟು ಹೋದವರ ಅನುಮತಿಯನ್ನು ಅವತ್ತೇ ತೆಗೆಯಬೇಕು.

ಇನ್ನೊಂದು ದಾರಿ, ಲೆಕ್ಕಕ್ಕೊಂದು, ಆರ್ಡರ್‌ಗೊಂದು ಬೇರೆ ಐಡಿ ಮಾಡುವುದು. ಮುಂದಿನ ದಿನಗಳಿಗೆ ಇದು ಒಳ್ಳೆಯದು. ಆದರೆ ಜಿಎಸ್‌ಟಿ, ಬ್ಯಾಂಕ್, ಎಪಿಎಂಸಿ, ಎಲ್ಲಾ ಕಡೆ ಕೊಟ್ಟಿರುವ ಐಡಿ ಬದಲಿಸಬೇಕಾಗುತ್ತದೆ. ಒಂದು ಕಡೆ ಬಿಟ್ಟುಹೋದರೂ ಅದರ ನೋಟಿಸ್ ಯಾರೂ ನೋಡದ ಹಳೇ ಐಡಿಗೆ ಹೋಗಿ ಕೂರುತ್ತದೆ. ಈಗಿನ ಗೊಂದಲ ತಿಳಿಯಾಗುವವರೆಗೆ ಅದಕ್ಕೆ ಕೈ ಹಾಕಬೇಡಿ ಅನ್ನುವುದು ನನ್ನ ಸಲಹೆ.

ಯಾವ ದಾರಿ ಹಿಡಿದರೂ ಒಬ್ಬರು ಮೊದಲು ನೋಡುವವರು ಅಂತ ಇರಬೇಕು. ನೀವೇ ಆಗಿ. ಲೇಬಲ್ ಅಂದರೆ ಜಿಮೇಲ್‌ನಲ್ಲಿ ಮೇಲ್‌ಗೆ ಅಂಟಿಸುವ ಹೆಸರಿನ ಚೀಟಿ. ಮೂರು ಲೇಬಲ್ ಸಾಕು, ಮೂವರ ಹೆಸರಿನಲ್ಲಿ. ಬಂದ ಮೇಲ್‌ಗೆ ಯಾರ ಕೆಲಸವೋ ಅವರ ಲೇಬಲ್ ಹಾಕಿ. ಕೆಲಸ ಮುಗಿಸಿದವರು ಲೇಬಲ್ ತೆಗೆದು ಆರ್ಕೈವ್ ಮಾಡಬೇಕು. ಯಾರ ಕೆಲಸವೂ ಅಲ್ಲದ್ದು ಅಲ್ಲೇ ಆರ್ಕೈವ್. ಸಂಜೆ ಲೆಕ್ಕ ಕಟ್ಟುವಾಗ ಸಾವ್ಕಾರ್ರ ಲೇಬಲ್‌ನಲ್ಲಿ ಏನೇನಿದೆ ಅಂತ ಬಾಯಲ್ಲೇ ಹೇಳಿಬಿಡಿ. ಅವರು ಮೇಲ್ ತೆಗೆಯುತ್ತಾರೆ ಅಂತ ಕಾಯಬೇಡಿ.

'ಇನ್‌ಬಾಕ್ಸ್ ಝೀರೋ' ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಅದನ್ನು ಪ್ರಚಾರಕ್ಕೆ ತಂದ ಅಮೆರಿಕದ ಮರ್ಲಿನ್ ಮ್ಯಾನ್ ಕೂಡ ಮೇಲ್ ಎಣಿಕೆ ಸೊನ್ನೆ ಆಗಲಿ ಅಂದವರಲ್ಲ. ತಲೆಯಲ್ಲಿ ಇನ್‌ಬಾಕ್ಸ್ ಕೊರೆಯುತ್ತಾ ಇರಬಾರದು ಅನ್ನುವುದು ಅವರ ಮಾತಿನ ತಿರುಳು. ನಿಮ್ಮ ಇನ್‌ಬಾಕ್ಸ್‌ನಲ್ಲಿ ನಲವತ್ತು ಮೇಲ್ ಇದ್ದು, ನಲವತ್ತಕ್ಕೂ ಹೆಸರು ಇದ್ದರೆ ಅದು ಚೆನ್ನಾಗಿರುವ ಇನ್‌ಬಾಕ್ಸ್.

ಜಾಹೀರಾತಿನ ಮೇಲ್ ನಿಲ್ಲಿಸುವುದು ಸುಲಭ. ದೊಡ್ಡ ಪ್ರಮಾಣದಲ್ಲಿ ಮೇಲ್ ಕಳಿಸುವವರು ಒಂದೇ ಒತ್ತಿಗೆ ನಿಲ್ಲಿಸುವ ಸೌಲಭ್ಯ ಕೊಡಬೇಕು ಅಂತ 2024ರಲ್ಲಿ ಗೂಗಲ್ ನಿಯಮ ಮಾಡಿದೆ. ಕಳಿಸಿದವರ ಹೆಸರಿನ ಪಕ್ಕ ಅನ್‌ಸಬ್‌ಸ್ಕ್ರೈಬ್ ಅಂತ ಕಾಣುತ್ತದೆ, ಅದನ್ನು ಒತ್ತಿ. ಗುರುತೇ ಇಲ್ಲದವರಿಂದ ಬಂದ ಮೇಲ್ ಒಳಗಿನ ಲಿಂಕ್ ಮಾತ್ರ ಒತ್ತಬೇಡಿ, ಅದನ್ನು ಸ್ಪ್ಯಾಮ್‌ಗೆ ಹಾಕಿ. ಬೇಡದ ಮೇಲ್ ತಾನಾಗೇ ಪಕ್ಕಕ್ಕೆ ಹೋಗಲಿ ಅಂತ ಫಿಲ್ಟರ್ ಹಾಕುವಾಗ ಬ್ಯಾಂಕಿನ ಹೆಸರಿಗೆ ಹಾಕಲೇಬೇಡಿ. ಆಫರ್ ಬರುವ ವಿಳಾಸ, ದುಡ್ಡು ಹೋಯಿತು ಅಂತ ತಿಳಿಸುವ ವಿಳಾಸ ಬಹಳ ಸಲ ಬೇರೆ ಬೇರೆ ಇರುತ್ತವೆ. ಆಫರ್ ವಿಳಾಸಕ್ಕೆ ಮಾತ್ರ ಹಾಕಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. ತುಂಬಿದ ಇನ್‌ಬಾಕ್ಸ್ ಕಳ್ಳರಿಗೆ ಅನುಕೂಲ. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ದುಡ್ಡು ಇಲ್ಲಿ ಹಾಕಿ' ಅಂತ ಪಾರ್ಟಿಯ ಹೆಸರಿನಲ್ಲೇ ಮೇಲ್ ಬರುತ್ತದೆ. ಅವಸರದಲ್ಲಿ ವಿಳಾಸದ ಒಂದು ಅಕ್ಷರ ಬೇರೆ ಇರುವುದು ಕಾಣುವುದಿಲ್ಲ. ಖಾತೆ ಬದಲಾಗಿದೆ ಅಂತ ಯಾರೇ ಬರೆದರೂ ನಿಮ್ಮ ಹತ್ತಿರ ಮೊದಲಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿ, ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ. ದುಡ್ಡು ಹೋಗಿದ್ದು ಗೊತ್ತಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಳೆಗಾಲಕ್ಕೆ ಜಿಮೇಲ್‌ನ ಆಫ್‌ಲೈನ್ ಸೌಲಭ್ಯ ಹಾಕಿಕೊಳ್ಳಿ. ಕಂಪ್ಯೂಟರ್‌ನಲ್ಲಿ ಕ್ರೋಮ್ ಬಳಸಿದರೆ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ. 7, 30 ಅಥವಾ 90 ದಿನದ ಮೇಲ್ ಕಂಪ್ಯೂಟರ್‌ನಲ್ಲೇ ಇರುತ್ತದೆ. ನೆಟ್ ಇಲ್ಲದಾಗಲೂ ಓದಿ, ಉತ್ತರ ಬರೆದಿಡಬಹುದು, ನೆಟ್ ಬಂದಾಗ ಹೋಗುತ್ತದೆ. ಬೇರೆಯವರೂ ಕೂರುವ ಕಂಪ್ಯೂಟರ್ ಆಗಿದ್ದರೆ ಬೇಡ, ಮೇಲ್ ಎಲ್ಲಾ ಅದರೊಳಗೆ ಉಳಿಯುತ್ತದೆ. ಎರಡು ದಿನದ ಮೇಲ್ ಒಟ್ಟಿಗೆ ಬಂದಾಗ ಮೇಲಿನಿಂದ ಒಂದೊಂದೇ ತೆರೆಯಬೇಡಿ. ಸರ್ಕಾರ, ಬ್ಯಾಂಕ್ ಮೊದಲು ಹುಡುಕಿ ನೋಡಿ. ಆಮೇಲೆ ಪಾರ್ಟಿವಾರು, ಪ್ರತಿಯೊಬ್ಬರ ಕೊನೆಯ ಮೇಲ್ ಮೊದಲು. ಎಷ್ಟೋ ಸಲ ಮೊದಲ ದಿನ ಕೇಳಿದ್ದನ್ನು ಎರಡನೇ ದಿನ ಅವರೇ ಫೋನ್‌ನಲ್ಲಿ ಬಗೆಹರಿಸಿಕೊಂಡಿರುತ್ತಾರೆ.

ರಾತ್ರಿ ಮೇಲ್ ನೋಡುವುದನ್ನು ನಿಲ್ಲಿಸಿ. ಇದನ್ನು ಕಳಕಳಿಯಿಂದ ಹೇಳುತ್ತಿದ್ದೇನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 124 ಜನರ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಮೂರು ಸಲ ಮಾತ್ರ ಮೇಲ್ ನೋಡಿದ ವಾರದಲ್ಲಿ ಜನರ ಒತ್ತಡ ಕಡಿಮೆ ಇತ್ತು. ನಿಮಗೆ ಬೆಳಿಗ್ಗೆ ಮಾಲು ಬರುವ ಮೊದಲು ಒಮ್ಮೆ, ಟೆಂಡರ್ ಮುಗಿದ ಮೇಲೆ ಒಮ್ಮೆ, ಸಂಜೆ ಲೆಕ್ಕಕ್ಕೆ ಮೊದಲು ಒಮ್ಮೆ ಸಾಕು. ಮನೆಗೆ ಹೋಗುವಾಗ ಫೋನಿನಲ್ಲಿ ಆಫೀಸ್ ಮೇಲ್‌ನ ನೋಟಿಫಿಕೇಶನ್ ಆಫ್ ಇರಲಿ. ಸಾವ್ಕಾರ್ರಿಗೆ ನೇರವಾಗಿ ಹೇಳಿ: ಅರ್ಜೆಂಟ್ ಇದ್ದರೆ ಫೋನ್ ಮಾಡಿ, ಎತ್ತುತ್ತೇನೆ. ಇಷ್ಟು ವರ್ಷ ಅವರ ಲೆಕ್ಕ ನೋಡಿಕೊಂಡವರ ಈ ಮಾತನ್ನು ಅವರು ತಳ್ಳಿಹಾಕುವುದಿಲ್ಲ ಅಂತ ನನ್ನ ನಂಬಿಕೆ.

ಶುರು ಮಾಡುವ ಮೊದಲು ಒಂದು ಮುಖ್ಯ ವಿಷಯ. ಪಾಸ್‌ವರ್ಡ್ ಬದಲಿಸಲು ಕೂರುವಾಗ ಆ ಖಾತೆಗೆ ಯಾರ ಮೊಬೈಲ್ ನಂಬರ್ ಕೊಟ್ಟಿದೆ ಅಂತ ಸೆಕ್ಯೂರಿಟಿ ಪುಟದಲ್ಲಿ ನೋಡಿ. ಹಳೇ ಆಫೀಸುಗಳಲ್ಲಿ ಐಡಿ ಮಾಡಿಕೊಟ್ಟ ಸೈಬರ್ ಸೆಂಟರ್‌ನವರದ್ದೋ, ಕೆಲಸ ಬಿಟ್ಟವರದ್ದೋ ನಂಬರ್ ಇರುವುದು ಬಹಳ ಸಾಮಾನ್ಯ. ಅದನ್ನು ಸಾವ್ಕಾರ್ರ ನಂಬರ್‌ಗೆ ಬದಲಿಸಿ, ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಪಾಸ್‌ವರ್ಡ್ ಬದಲಿಸಿ. ಇಲ್ಲದಿದ್ದರೆ ಕೋಡ್ ಇನ್ಯಾರದೋ ಫೋನಿಗೆ ಹೋಗಿ, ಮಂಡಿಯ ಇಡೀ ಮೇಲ್ ಖಾತೆಯೇ ನಿಮ್ಮ ಕೈತಪ್ಪಬಹುದು.